ಮೇಲಿನ ಬಾಣದ ಗುಂಡಿ

ಕೈಯಲ್ಲಿರುವ ಕೆಲಸ ಒಂದು ಗಳಿಗೆ ಬದಿಗಿಟ್ಟು ಓದಿ... ಕೀಬೋರ್ಡಿನ ಮೂಲೆಯಲ್ಲಿರುವ ಒಂದು ಪುಟ್ಟ ಗುಂಡಿಯ ಕಥೆ ಇದು.

ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿ. ಆಸ್ಪತ್ರೆಯ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರು.

ಅಲ್ಲಿ ಗುರುಪಾದಪ್ಪ ಅಂತ ಹಿರಿಯರು. ಅವರಿಗೆ ಸ್ನಾಯುಗಳು ಸೋಲುವ ಕಾಯಿಲೆ ಬಂತು. ಮೊದಲು ಕಾಲು, ಆಮೇಲೆ ಎಡಗೈ... ಕೊನೆಗೆ ಬಲಗೈಯ ತೋರುಬೆರಳೊಂದೇ ಉಳಿಯಿತು.

"ಬೆರಳು ಇರೂತನಾ ಕಾಯಕ ಬಿಡಂಗಿಲ್ಲ" ಎಂದು ಮನೆಯಿಂದಲೇ ಕೆಲಸಕ್ಕೆ ಕೂತರು. ಕಾಲು ಸೋತದ್ದಷ್ಟೇ ಆಫೀಸಿಗೆ ಗೊತ್ತಿತ್ತು, ಕೈಯದು ಗೊತ್ತಿರಲಿಲ್ಲ.

ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಅದಕ್ಕೆ ಕಂಪನಿಯವರೇ ಮಾಡಿಕೊಂಡ ಒಂದು ಡಿಬಗರ್ ಇತ್ತು. ಕಪ್ಪು ಪರದೆ... ಕಮಾಂಡ್ ಟೈಪ್ ಮಾಡಿದರೆ ಪ್ರೋಗ್ರಾಂ ಒಂದು ಹೆಜ್ಜೆ ನಡೆದು ನಿಲ್ಲುತ್ತದೆ, ಎಲ್ಲಿ ಎಡವಿತು ಅಂತ ತೋರಿಸುತ್ತದೆ.

ಅದೇ ಕಮಾಂಡ್ ಮತ್ತೆ ಬೇಕಾದಾಗ ಮೇಲಿನ ಬಾಣದ ಗುಂಡಿ ಒತ್ತಿದರೆ, ಹಿಂದೆ ಬರೆದದ್ದು ತಾನೇ ಬರಬೇಕು. ಆದರೆ ಈ ಡಿಬಗರ್‌ನಲ್ಲಿ ಅರ್ಥವಿಲ್ಲದ ನಾಲ್ಕು ಚಿಹ್ನೆಗಳು ಮೂಡುತ್ತಿದ್ದವು, ಅಷ್ಟೇ.

ಆಫೀಸಿನಲ್ಲಿ ಯಾರಿಗೂ ಅದು ತೊಂದರೆ ಅನ್ನಿಸಿರಲಿಲ್ಲ. ಎಲ್ಲರೂ ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು ಕಾಪಿ-ಪೇಸ್ಟ್ ಮಾಡುತ್ತಿದ್ದರು.

ಗುರುಪಾದಪ್ಪನವರಿಗೆ ಮೌಸ್ ಹಿಡಿಯಲು ಆಗದು. ಎರಡು ಗುಂಡಿ ಒಟ್ಟಿಗೆ ಒತ್ತಲೂ ಆಗದು. ನಲವತ್ತು ಅಕ್ಷರದ ಕಮಾಂಡನ್ನು ಪ್ರತಿ ಸಲ ಒಂದೊಂದೇ ಅಕ್ಷರವಾಗಿ ಹೊಡೆಯುತ್ತಿದ್ದರು. ಹತ್ತು ಸಲ ಹೊಡೆಯುವಷ್ಟರಲ್ಲಿ ಬೆರಳು ಸೋಲುತ್ತಿತ್ತು. ಅಲ್ಲಿಗೆ ಆ ದಿನ ಮುಗಿಯಿತು...

ಡಿಬಗರ್ ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಣಿ. ಗುರುಪಾದಪ್ಪನವರೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿ.

ಆಷಾಢದಲ್ಲಿ ಮೊದಲ ಸಲ ಫೋನ್ ಮಾಡಿದರು. "ಆ ಬಾಣದ ಗುಂಡಿ ಒಂಚೂರು ಸರಿ ಮಾಡವಾ."

"ಮುಂದಿನ ವಾರ ಮಾಡ್ತೀನ್ರಿ ಸರ್."

ಕಾರಣ ಅವರು ಹೇಳಲಿಲ್ಲ. ಇವಳು ಕೇಳಲಿಲ್ಲ.

ಎಷ್ಟು ಜನ ಕೇಳಿದ್ದಾರೆ ಅಂತ ನೋಡಿ ಕೆಲಸಕ್ಕೆ ಸರದಿ ಹಾಕುವುದು ಅವಳ ಪದ್ಧತಿ. ಇದನ್ನು ಕೇಳಿದವರು ಒಬ್ಬರೇ... ಹಾಗಾಗಿ ಪಟ್ಟಿಯ ತಳಕ್ಕೆ ಹೋಯಿತು.

ಶ್ರಾವಣದಲ್ಲಿ ಮತ್ತೆ ಫೋನ್. "ಏನವಾ, ನಿನ್ನ ಮುಂದಿನ ವಾರಕ್ಕ ಸೋಮವಾರ ಬರೂದ ಇಲ್ಲೇನು?"

ಇಬ್ಬರೂ ನಕ್ಕರು.

ಆಮೇಲೆ ಫೋನ್ ಬರಲಿಲ್ಲ.

ದೀಪಾವಳಿಗೆ ಮುಂಚೆ ಕೆಲಸ ಸ್ವಲ್ಪ ಹಗುರಾಯಿತು. ದಾಕ್ಷಾಯಣಿ ಆ ಗುಂಡಿಗೆ ಕೈಹಾಕಿದಳು. ಆರು ಸಾಲು ಬದಲಿಸಿದಳು... ನಲವತ್ತು ನಿಮಿಷ. ಮುಗಿದೇಹೋಯಿತು.

ಖುಷಿಯಿಂದ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೇ ಹೋದಳು.

ಬಾಗಿಲು ತೆರೆದ ಅವರ ಹೆಂಡತಿ ನೀಲಮ್ಮ ಕೇಳಿದರು, "ಏನ್ ತಂದೀಯವಾ?"

"ಸರ್ ಕೇಳಿದ್ರಲ್ರಿ ಅಮ್ಮಾರ, ಬಾಣದ ಗುಂಡಿ. ಸರಿ ಆತು."

ನೀಲಮ್ಮ ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು...

"ಹತ್ತು ದಿನ ಆತು, ಆ ಬೆರಳೂ ಏಳವಲ್ದು."

ಆಗ ಅವರಿಂದಲೇ ದಾಕ್ಷಾಯಣಿಗೆ ಎಲ್ಲ ಗೊತ್ತಾಯಿತು. ಒಂದೇ ಬೆರಳು... ನಲವತ್ತು ಅಕ್ಷರ... ದಿನಕ್ಕೆ ಹತ್ತೇ ಸಲ...

ಒಳಗೆ ಗುರುಪಾದಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಪರದೆ ನೋಡಿ ಕಣ್ಣರಳಿಸಿದರು. "ನೀ ಒತ್ತವಾ, ನಾ ನೋಡ್ತೀನಿ."

ಒತ್ತಿದಳು. ಹಿಂದಿನ ಕಮಾಂಡ್ ಬಂತು. ಮತ್ತೆ ಒತ್ತಿದಳು. ಅದರ ಹಿಂದಿನದು ಬಂತು.

"ಚಂದ ಆತು" ಅಂದರು.

ಅವಳು ಮಂಚದ ಪಕ್ಕ ನೆಲಕ್ಕೆ ಕೂತಳು. "ನಲವತ್ತು ನಿಮಿಷದ ಕೆಲಸ ಇತ್ರಿ ಸರ್... ನಾಲ್ಕು ತಿಂಗಳು ಕಾಯಿಸಿದೆ. ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳೂಕ ನಾಚಿಕಿ ಆತವಾ" ಅಂದರು ಅವರು. "ನಿನಗ ಕಲಿಸಿದಾವ ನಾನ. ಕೈ ಹೋತು ಅಂತ ನಿನ್ನ ಮುಂದ ಹೆಂಗ ಹೇಳಲಿ?"

ಅವಳು ಮುಖ ಮುಚ್ಚಿಕೊಂಡು ಅಳತೊಡಗಿದಾಗ ಅವರೇ ಅಂದರು...

"ಅಳೂದು ಆಮ್ಯಾಲ ಇರಲಿ. ಈ ಡಿಬಗರ್ ಬಳಸೂ ಎಲ್ಲಾರಿಗೂ ಇದನ್ನ ಇವತ್ತ ಕಳಿಸು. ಒಂದ ಬೆರಳಿನಾವ ಮತ್ತೊಬ್ಬ ಎಲ್ಲೆರೆ ಇದ್ದಾನು."

ಅಲ್ಲೇ ನೆಲದ ಮೇಲೆ ಕೂತು ಕಳಿಸಿದಳು. ಕಳಿಸುವಾಗ ಕಣ್ಣೀರಿಗೆ ಪರದೆ ಕಾಣುತ್ತಿರಲಿಲ್ಲ...

*ಕೇಳಿದವನು ಒಬ್ಬನೇ ಎಂದು ಕೆಲಸವನ್ನು ಸಣ್ಣದು ಅನ್ನಬೇಡಿ. ಆ ಒಬ್ಬನ ಬಳಿ ಎಷ್ಟು ದಿನ ಉಳಿದಿದೆಯೋ ಶಿವನೇ ಬಲ್ಲ.*

ನಿಮ್ಮ "ಮುಂದಿನ ವಾರ"ಕ್ಕೆ ಕಾಯುತ್ತಾ, ಕಾರಣ ಹೇಳದೆ ಸುಮ್ಮನೆ ಕೂತಿರುವವರು ಯಾರು?