ಶಾಣ್ಯಾಕಿ

ಇಯರ್‌ಫೋನಿನ ಪಿನ್ನು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಇವತ್ತಿಗೂ ನಾನು ಎರಡೆರಡು ಸಲ ಮುಟ್ಟಿ ನೋಡುತ್ತೇನೆ.

ಗಂಗಾವತಿ ಹತ್ತಿರ, ಕಣ್ಣು ಕಾಣದ ನಮ್ಮಂಥ ಹುಡುಗಿಯರ ಹಾಸ್ಟೆಲಿಗೆ ಮಾತಾಡುವ ಕಂಪ್ಯೂಟರ್ ಬಂದಿತ್ತು. ಯಾವ ಬಟನ್ ಒತ್ತಿದರೂ ಅದು ಆ ಅಕ್ಷರವನ್ನು ಹೇಳುತ್ತಿತ್ತು, ಬರೆದದ್ದನ್ನು ಓದುತ್ತಿತ್ತು. ಆ ಮಧ್ಯಾಹ್ನ ಕಾರಟಗಿಯ ಶಾಹೀನ್ ಏನೋ ಬರೆದು, ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು.

"ಏನ್ ಬರದೀಯ? ನನಗೂ ಕೇಳಸ."

"ನಿನಗ ಬ್ಯಾಡ, ಸುಮ್ನಿರ."

ಸಿಟ್ಟು ಬಂತು. ವೈರು ಹಿಡಿದು ಕಿತ್ತೆ. ಅವಳು ಅಪ್ಪನಿಗೆ ಬರೆದದ್ದನ್ನು ಕಂಪ್ಯೂಟರ್ ಕೋಣೆಗೆಲ್ಲ ಕೇಳುವಂತೆ ಓದಿತು: "ಅಬ್ಬಾ, ವಾರ್ಡನ್ ಅಕ್ಕೋರು ದಿನಾ ಹೊಡಿತಾರ. ಬಂದು ಕರ್ಕೊಂಡು ಹೋಗ್ರಿ."

ವಾರ್ಡನ್ ನಮ್ಮ ಹಿಂದೆಯೇ ನಿಂತಿದ್ದರು. ಚಪ್ಪಲಿ ಬಿಟ್ಟು ಬಂದಿದ್ದರಿಂದ ಹೆಜ್ಜೆ ಕೇಳಿರಲಿಲ್ಲ.

"ನನ್ನ ಮ್ಯಾಲ ಬರಿತೀಯೇನ? ಬರಿ, ಇನ್ನೂ ಬರಿ!"

ಏಟಿನ ಮೇಲೆ ಏಟು ಬಿತ್ತು. ಆಮೇಲೆ ಶಾಹೀನಳ ಮುಖವನ್ನೇ ಕೀಬೋರ್ಡಿಗೆ ಕುಕ್ಕತೊಡಗಿದರು. ಒಂದೊಂದು ಸಲ ಕುಕ್ಕಿದಾಗಲೂ ಕಂಪ್ಯೂಟರ್ ಅದೇ ತಣ್ಣನೆಯ ದನಿಯಲ್ಲಿ ಅಕ್ಷರ ಹೇಳುತ್ತಿತ್ತು. ಗ. ಮ. ಮ. ಹ. ನನ್ನ ಮುಂಗೈ ಮೇಲೆ ಬೆಚ್ಚಗಿನ ಹನಿ ಸಿಡಿಯಿತು. ಶಾಹೀನ್ ಅಳುವುದನ್ನು ನಿಲ್ಲಿಸಿದ ಮೇಲೂ ಅಕ್ಷರಗಳು ನಿಲ್ಲಲಿಲ್ಲ.

ಕೊನೆಗೆ ಕೋಣೆಯಲ್ಲಿ ವಾರ್ಡನ್ನರ ಏದುಸಿರು ಮಾತ್ರ ಉಳಿಯಿತು.

"ವೈರ್ ಕಿತ್ತಾಕಿ ಯಾರು?"

ಪಿನ್ನು ನನ್ನ ಮುಷ್ಟಿಯಲ್ಲೇ ಇತ್ತು. ಅವರು ಬಂದು ನನ್ನ ಬೆರಳು ಬಿಡಿಸಿ ನೋಡಿದರು.

"ನೀನಾ? ಛಲೋ ಮಾಡ್ದಿ. ಶಾಣ್ಯಾಕಿ ಅದಿ ನೋಡು."

ಪಕ್ಕದಲ್ಲೇ ಶಾಹೀನ್ ಸಣ್ಣಗೆ ನರಳಿದಳು; ಅವಳಿಗೂ ಅದು ಕೇಳಿಸಿತ್ತು. ವಾರ್ಡನ್ ನನ್ನ ತಲೆ ಸವರಿದರು. ಹೊಡೆದ ಅಂಗೈ ಇನ್ನೂ ಬಿಸಿಯಾಗಿತ್ತು.