ಕ್ಯಾಪ್ಟನ್ ವೇಷ

"ಶತ್ರು ಸೈನ್ಯಕ್ಕೆ ಚೀನಾ ಮುಖಗಳು ಬೇಕು," ಎಂದ ಸಿನಿಮಾ ಮ್ಯಾನೇಜರ್.

"ನಾವು ಟಿಬೆಟಿನೋರು ಸಾರ್. ಚೀನಾ ಸೈನ್ಯ ಓಡಿಸಿದ್ದಕ್ಕೇ ನಮ್ಮೋರು ಈ ಕ್ಯಾಂಪಿಗೆ ಬಂದಿದ್ದು," ಎಂದೆ.

"ಎಲ್ಲಾ ಒಂದೇ ಬಿಡಪ್ಪ, ನೋಡೋರಿಗೇನು ಗೊತ್ತಾಗುತ್ತೆ?"

ಗೆಳೆಯ ವಾಂಗ್ಡುವಿಗೆ ಚೀನಾ ಕ್ಯಾಪ್ಟನ್ ಪಾತ್ರ ಸಿಕ್ಕಿತು. ಬೂಟು, ಪಿಸ್ತೂಲು, ಹೀರೋ ಜೊತೆ ಫೈಟು ಬೇರೆ. ನನಗೆ ಸಿಕ್ಕಿದ್ದು ಹೆಣದ ಪಾತ್ರ. ಅದೂ ಬೋರಲು ಬಿದ್ದ ಹೆಣ, ಮುಖವೇ ಕಾಣದು. ಅವನಿಗಿಂತ ನಾನು ಎತ್ತರ. ಕಣ್ಣೂ ಅವನದಕ್ಕಿಂತ ಸಣ್ಣ. ಹೊಟ್ಟೆ ಉರಿದುಹೋಯಿತು.

ಶೂಟಿಂಗ್ ಕ್ಯಾಂಪಿನ ಪಕ್ಕದ ಗುಡ್ಡದಲ್ಲೇ ಇತ್ತು. ಊಟದ ಬಿಡುವಿನಲ್ಲಿ ಅವನು ವೇಷ ಕಳಚದೆ ಮನೆಗೆ ಹೊರಟ. ನಾನು ನನ್ನ ಸೈನಿಕನ ಅಂಗಿ ಕಳಚಿಟ್ಟು, ಮಾಮೂಲಿ ಬಟ್ಟೆಯಲ್ಲಿ ಹಿಂದೆ ಹೋದೆ.

"ಅಜ್ಜಿಗೆ ತೋರಿಸ್ಬೇಕು ಕಣೋ."

"ಅದೇನು ಮಹಾ ವೇಷ ಅಂತ?"

"ಹೊಟ್ಟೆಕಿಚ್ಚು ನಿಂಗೆ," ಎಂದು ನಕ್ಕು, ಬೇಕೆಂದೇ ಬೂಟು ಕುಟ್ಟುತ್ತ ಅಂಗಳಕ್ಕೆ ಕಾಲಿಟ್ಟ.

ಜಗುಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿದಳು. ಮಡಿಲಿನ ಮೊರ ಕೆಳಗೆ ಬಿತ್ತು. ತೆವಳಿಕೊಂಡು ಬಂದು ಮೊಮ್ಮಗನ ಬೂಟುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ನನ್ನತ್ತ ತೋರಿಸಿ ಬೇಡಿದಳು:

"ಸ್ವಾಮಿ, ಇವನೊಬ್ಬನನ್ನಾದರೂ ಬಿಟ್ಟುಬಿಡಿ."