ಮಾನ್ವಿಯ ಆಚೆ

ಮಾನ್ವಿಗೆ ಹೆಣ್ಣು ನೋಡಲು ಬಂದ ಅಂಬರೀಶ ಕುರ್ಚಿಯಲ್ಲಿ ಕುಳಿತು ವಿಜ್ಞಾನಿಗಳ ಮರೆವಿನ ಬಗ್ಗೆ ಮಾತಿಗೆ ಇಳಿದು ಬಹಳ ಹೊತ್ತಾಗಿತ್ತು. ಹುಡುಗಿಯ ತಂದೆ ಮೂಕಪ್ಪ ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದರು. ಹುಡುಗನ ತಾಯಿ ಹೂವು ಹಣ್ಣು ಕೊಳ್ಳಲು ಹಿಂದೆ ನಿಂತಿರಬೇಕು, ಇನ್ನೇನು ಬಂದಾರು ಎಂದು ಅವರು ತಿಳಿದಿದ್ದರು.

ರಾಯಚೂರಿನಿಂದ ದಿನಾ ದೇವದುರ್ಗಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅಂಬರೀಶನಿಗೆ ದೊಡ್ಡ ವಿಜ್ಞಾನಿಗಳ, ಹೊಸ ನಾಡು ಹುಡುಕಿ ಹೊರಟವರ ಜೀವನಚರಿತ್ರೆ ಓದುವ ಹುಚ್ಚು. ಓದಿ ಓದಿ ಅವನಿಗೊಂದು ಗುಟ್ಟು ಹೊಳೆದಿತ್ತು: ದೊಡ್ಡವರೆಲ್ಲ ಮೈಮರೆತವರೇ. ಬುದ್ಧಿ ಬಂದಾಗ ಬರಲಿ, ಮರೆವನ್ನಾದರೂ ಮೊದಲು ರೂಢಿಸಿಕೊಳ್ಳೋಣ ಎಂದು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಹೊರಡುತ್ತಿದ್ದ. ಚಹಕ್ಕೆ ಉಪ್ಪು ಬೆರೆಸಿಕೊಳ್ಳುತ್ತಿದ್ದ. ಕುಡಿಯುವಾಗ ಮಾತ್ರ ಕಷ್ಟವಾಗುತ್ತಿತ್ತು.

"ಒಬ್ಬರಂತೂ ಮೊಟ್ಟಿ ಕೈಯಾಗ ಹಿಡ್ಕೊಂಡು, ಗಡಿಯಾರ ಕುದಿಸಿದ್ರಂತರೀ," ಎಂದ.

ಚಹದ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಉಮಾದೇವಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. "ಆ ಪಾತ್ರಿ ಯಾರು ತಿಕ್ಕಿದ್ರೀ?" ಎಂದು ಕೇಳಿದಳು.

ಅದನ್ನು ಎಲ್ಲೂ ಬರೆದಿಲ್ಲವೆಂದು ಅಂಬರೀಶ ಒಪ್ಪಿಕೊಂಡ. ಇದೇ ಸಂದು ನೋಡಿ ಮೂಕಪ್ಪ, ತಾಯಿಯವರು ಇನ್ನೂ ಬರಲಿಲ್ಲವಲ್ಲ ಎಂದರು.

ಅಂಬರೀಶ ಪಕ್ಕಕ್ಕೆ ನೋಡಿದ. ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವನು ಓದುತ್ತಿದ್ದ ಪುಸ್ತಕದ ನಾವಿಕನಿಗೆ ಇನ್ನೇನು ದಡ ಕಾಣಬೇಕು ಎನ್ನುವಾಗ ಕಂಡಕ್ಟರ್ ಮಾನ್ವಿ ಎಂದು ಕೂಗಿದ್ದ. ಪುಸ್ತಕದಿಂದ ಕಣ್ಣು ತೆಗೆಯದೆ ತಾಯಿಯ ಚೀಲ ಎತ್ತಿಕೊಂಡು ಇಳಿದಿದ್ದ. ತಾಯಿ ಕನಕಮ್ಮ ಕಿಟಕಿಯ ಪಕ್ಕದಲ್ಲೇ ಉಳಿದಿದ್ದಳು. ಅದು ಸಿಂಧನೂರಿಗೆ ಹೋಗುವ ಬಸ್ಸು. ಅದೆಲ್ಲ ಈಗ ನೆನಪಾಗಿ ಅವನಿಗೆ ಹೆದರಿಕೆಯಾಯಿತು, ಆದರೆ ಆ ಹೆದರಿಕೆಯ ಅಡಿಯಲ್ಲಿ ಒಂದು ಸಣ್ಣ ಹಿಗ್ಗೂ ಇತ್ತು. ಪ್ರಯತ್ನವೇ ಇಲ್ಲದೆ ಮೊದಲ ಸಲ ಮರೆತಿದ್ದ! ಮೂಕಪ್ಪ ಗಾಬರಿಯಿಂದ ಕನಕಮ್ಮನ ಫೋನಿಗೆ ಕರೆ ಮಾಡಿದರು. ಅಂಬರೀಶನ ತೊಡೆಯ ಮೇಲಿದ್ದ ಚೀಲ ರಿಂಗಣಿಸಿತು. ಹಿಗ್ಗು ಅಲ್ಲಿಗೇ ಮುಗಿಯಿತು.

ಉಮಾದೇವಿ ತಟ್ಟೆ ಇಟ್ಟು ಸ್ಕೂಟರಿನ ಕೀಲಿ ತೆಗೆದುಕೊಂಡಳು. ಅಂಬರೀಶ ಹಿಂದೆ ಕುಳಿತ. ಬಸ್ಸು ಹೋದ ಸಿಂಧನೂರಿನ ದಾರಿ ಹಿಡಿದರು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಮಾತು: "ಅವ್ವಾರಿಗೆ ಶುಗರ್ ಅದ ಏನ್ರಿ?"

ಅದು ಅವನಿಗೆ ಮರೆತಿರಲಿಲ್ಲ. ಗೊತ್ತೇ ಇರಲಿಲ್ಲ.

ಪೋತ್ನಾಳದ ಬಸ್ ನಿಲ್ದಾಣದ ಪಕ್ಕ, ಪಕೀರಮ್ಮನ ಚಹದಂಗಡಿಯ ಬೆಂಚಿನ ಮೇಲೆ ಕನಕಮ್ಮ ಆರಾಮಾಗಿ ಕುಳಿತು ಮಂಡಾಳು, ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು. ಅಂಬರೀಶ ಓಡಿಹೋಗಿ, ನಿದ್ದೆ ಹತ್ತಿತ್ತೇನವ್ವಾ, ಯಾಕೆ ಇಳಿಯಲಿಲ್ಲ ಎಂದು ಕೇಳಿದ.

"ಎಚ್ಚರಾನೇ ಇದ್ದೆ," ಎಂದಳು ಕನಕಮ್ಮ. "ಹಿಂದ ತಿರುಗಿ ನೋಡ್ತೀಯೇನಂತ ಕುಂತೆ. ನೋಡಲಿಲ್ಲ. ಬಸ್ ಹೊಂಟೇಬಿಡ್ತು. ಕಲ್ಲೂರಾಗ ಹುಟ್ಟಿದಾಕಿ ನಾ, ಮಾನ್ವಿ ದಾಟಿ ಎಂದೂ ಬಂದಾಕಿ ಅಲ್ಲ. ಮುಂದ ಏನದ ನೋಡೇಬಿಡೋಣ ಅನ್ನಿಸ್ತು. ಸೆರಗಿನ ಗಂಟಿನಾಗಿನ ರೊಕ್ಕ ಇಲ್ಲೀಮಟಾ ಸಾಕಾತು."

ಆಮೇಲೆ ಕಾಲುವೆಯ ನೀರು, ಕಣ್ಣು ಹಾಯುವಷ್ಟೂ ಹಸಿರಾಗಿದ್ದ ಭತ್ತದ ಗದ್ದೆ, ಗದ್ದೆಯಲ್ಲಿ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆ, ಎಲ್ಲವನ್ನೂ ಕೈ ಚಾಚಿ ಚಾಚಿ ವರ್ಣಿಸಿದಳು. ಅಂಬರೀಶ ತಪ್ಪಾಯಿತೆಂದ. ಅವಳು ಅವನ ಬಾಯಿಗೊಂದು ಮಿರ್ಚಿ ಇಟ್ಟು ಉಮಾದೇವಿಯ ಕಡೆ ತಿರುಗಿದಳು. ಗಾಡಿ ನಿನ್ನದೇನು ಎಂದು ವಿಚಾರಿಸಿ, ಸೀರೆಯ ನೆರಿಗೆ ಒತ್ತಿ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು.

"ಇಲ್ಲಿಂದ ಮುಂದ ಏನದ ಯವ್ವಾ?"

"ಸಿಂಧನೂರ್ರೀ," ಎಂದಳು ಉಮಾದೇವಿ. ಬಾಯಿ ತುಂಬ ಮಿರ್ಚಿ ತುಂಬಿಕೊಂಡು ನಿಂತ ಅಂಬರೀಶನನ್ನು ಒಮ್ಮೆ ನೋಡಿದಳು. ನಕ್ಕು ಗಾಡಿ ಚಾಲೂ ಮಾಡಿದಳು.

ಗಾಡಿ ಹೊರಳಿದ್ದು ಮಾನ್ವಿಯ ಕಡೆಗಲ್ಲ. ಕನಕಮ್ಮನ ಸೆರಗು ಗಾಳಿಗೆ ಹಡಗಿನ ಹಾಯಿಯಂತೆ ಉಬ್ಬಿ ದೂರವಾಗುವುದನ್ನು ಅಂಬರೀಶ ದಡದಲ್ಲಿ ನಿಂತವನ ಹಾಗೆ ನೋಡುತ್ತ ಉಳಿದ.